ತುಂಗಭದ್ರೆಯ ಬಯಲಿನಲ್ಲಿ ಕಿಡ್ನಿಯ ಲೆಕ್ಕ

ರಕ್ತಪರೀಕ್ಷೆಯ ಚೀಟಿಯಲ್ಲಿ ‘ಸೀರಮ್ ಕ್ರಿಯಾಟಿನಿನ್’ ಎಂಬ ಸಾಲಿನ ಎದುರು 1.3 ಎಂದಿದೆ ಎನ್ನಿ. ಪಕ್ಕದಲ್ಲಿ ‘ಸಾಮಾನ್ಯ ಮಿತಿ 1.4ರವರೆಗೆ’ ಎಂದು ಅಚ್ಚಾಗಿದ್ದರೆ ಮನೆಯವರಿಗೆ ಸಮಾಧಾನ. ಚೀಟಿ ಪ್ಲಾಸ್ಟಿಕ್ ಚೀಲ ಸೇರಿ ಹಳೆಯ ಚೀಟಿಗಳ ಜೊತೆ ಮರೆತುಹೋಗುತ್ತದೆ. ಆದರೆ ಆ 1.3 ಯಾರದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇಪ್ಪತ್ತೈದರ ಹುಡುಗನದಾದರೆ, ವೈದ್ಯರು ಈಗ ಬಳಸುವ 2021ರ ಸೂತ್ರದ ಪ್ರಕಾರ ಅವನ ಮೂತ್ರಪಿಂಡಗಳು ನಿಮಿಷಕ್ಕೆ ಸುಮಾರು 78 ಮಿಲಿಲೀಟರ್ ಸೋಸುತ್ತಿವೆ. ಅದೇ 1.3 ಅರವತ್ತರ ಹೆಂಗಸಿನದಾದರೆ 47. ಈ ಅಂಕಿ ಮೂರು ತಿಂಗಳಿಗೂ ಮೀರಿ 60ಕ್ಕಿಂತ ಕೆಳಗಿದ್ದರೆ ಅದು ದೀರ್ಘಕಾಲದ ಮೂತ್ರಪಿಂಡ ಕಾಯಿಲೆ. ಸೂತ್ರ ಗುಟ್ಟಿನದಲ್ಲ, ಜಗತ್ತಿಗೆಲ್ಲ ತೆರೆದಿಟ್ಟದ್ದು. ಕೈಯಲ್ಲಿರುವ ಮೊಬೈಲಿನಲ್ಲೇ ವಯಸ್ಸು, ಹೆಣ್ಣೋ ಗಂಡೋ, ಕ್ರಿಯಾಟಿನಿನ್ ಎಷ್ಟು ಎಂದು ಒತ್ತಿದರೆ ಉತ್ತರ ಬರುತ್ತದೆ. ಆದರೂ ಆ ಹೆಂಗಸು ತನಗೇನೂ ಆಗಿಲ್ಲ ಎಂದುಕೊಂಡೇ ಮನೆಗೆ ಹೋಗುತ್ತಾಳೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಮಟ್ಟಿಗೆ ಕಿಡ್ನಿ ಕಾಯಿಲೆಯ ಸಂಶೋಧನೆಯ ಕಷ್ಟವೂ ಇದೇ ಬಗೆಯದು. ಅಂಕಿಗಳು ಹುಟ್ಟುತ್ತಲೇ ಇವೆ. ಜಗತ್ತಿನ ವಿಜ್ಞಾನಿಗಳು ತೆರೆದಿಟ್ಟ ಜ್ಞಾನವೂ ಬೆಟ್ಟದಷ್ಟಿದೆ. ಇವೆರಡು ಒಂದನ್ನೊಂದು ಮುಟ್ಟುತ್ತಿಲ್ಲ.

ಮೊದಲು ಕಾಯಿಲೆಯ ಸ್ವಭಾವ. ಒಂದೊಂದು ಮೂತ್ರಪಿಂಡದಲ್ಲೂ ಸರಿಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳಿವೆ, ನೆಫ್ರಾನ್ ಎನ್ನುತ್ತಾರೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಅದರಲ್ಲಿ ಒಂದೆರಡು ಲೀಟರ್ ಮಾತ್ರ ಹೊರಗೆ ಕಳಿಸಿ ಉಳಿದದ್ದನ್ನು ರಕ್ತಕ್ಕೆ ಹಿಂದಿರುಗಿಸುತ್ತವೆ. ಹುಟ್ಟಿದ ಮೇಲೆ ಹೊಸ ನೆಫ್ರಾನ್ ಬೆಳೆಯುವುದಿಲ್ಲ. ಕೆಲವು ಸತ್ತರೆ ಉಳಿದವು ಅವುಗಳ ಕೆಲಸವನ್ನೂ ಹೊತ್ತುಕೊಳ್ಳುತ್ತವೆ, ಹಾಗೆ ಹೊತ್ತು ಹೊತ್ತು ತಾವೂ ಸೋಲುತ್ತವೆ. ಅರ್ಧಕ್ಕಿಂತ ಹೆಚ್ಚು ಶಕ್ತಿ ಹೋಗುವವರೆಗೂ ಮನುಷ್ಯನಿಗೆ ಏನೂ ಗೊತ್ತಾಗದಿರಬಹುದು. ಮುಖ, ಕಾಲು ಬಾತು, ಊಟ ಸೇರದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುವ ಹೊತ್ತಿಗೆ ವೈದ್ಯರ ಬಾಯಿಂದ ಬರುವ ಮೊದಲ ಮಾತೇ ಡಯಾಲಿಸಿಸ್. ‘ಒಮ್ಮೆಗೇ ಕಿಡ್ನಿ ಫೇಲ್ ಆಗ್ಯಾವಂತ್ರೀ’ ಎಂದು ನಮ್ಮ ಕಡೆಯ ಜನ ಹೇಳುವುದರ ಹಿಂದೆ ಎಷ್ಟೋ ಸಲ ಹತ್ತು ವರ್ಷಗಳ ಮೌನ ಇರುತ್ತದೆ.

2017ರಲ್ಲಿ ಜಗತ್ತಿನಲ್ಲಿ ಸುಮಾರು 70 ಕೋಟಿ ಜನರಿಗೆ ಈ ಕಾಯಿಲೆ ಇತ್ತೆಂದೂ ಅವರಲ್ಲಿ ಸುಮಾರು 11.5 ಕೋಟಿ ಮಂದಿ ಭಾರತೀಯರೆಂದೂ ಜಾಗತಿಕ ರೋಗಭಾರ ಅಧ್ಯಯನ ಅಂದಾಜು ಮಾಡಿತು. ಚೀನಾ ಬಿಟ್ಟರೆ ನಾವೇ. 2025ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಕಿಡ್ನಿ ಆರೋಗ್ಯಕ್ಕೆಂದೇ ಒಂದು ನಿರ್ಣಯ ಅಂಗೀಕರಿಸಿತು. ಆದರೆ 11.5 ಕೋಟಿ ಎಂಬುದು ಮನೆಮನೆಗೆ ಹೋಗಿ ಎಣಿಸಿದ ಸಂಖ್ಯೆಯಲ್ಲ. ಅಲ್ಲಲ್ಲಿ ನಡೆದ ಸಣ್ಣ ಅಧ್ಯಯನಗಳನ್ನು ಗಣಿತದ ಮಾದರಿಯಲ್ಲಿ ಹೆಣೆದು ತೆಗೆದದ್ದು. ಎಣಿಕೆ ನಡೆಯದ ಊರುಗಳ ಜಾಗವನ್ನು ಆ ಮಾದರಿ ಬೇರೆ ಊರುಗಳ ಅಂಕಿಗಳಿಂದ ತುಂಬಿಕೊಳ್ಳುತ್ತದೆ.

ಹಾಗೆ ಬೇರೆಯವರ ಅಂಕಿಯಿಂದ ತುಂಬಿ ಸುಮ್ಮನಾಗಬಾರದಂಥ ಸೀಮೆ ಇದು. ಹೊಸಪೇಟೆಯಲ್ಲೂ ಸಂಡೂರಿನಲ್ಲೂ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುವುದು ಹೊಸದಲ್ಲ. ಸಂಡೂರಿನ ಗುಡ್ಡಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಗಣಿ, ದೋಣಿಮಲೈ, ತೋರಣಗಲ್ಲಿನ ಉಕ್ಕಿನ ಕುಲುಮೆ, ಅದಿರು ಹೊರುವ ಲಾರಿಗಳು. ಕಂಪ್ಲಿಯ ಕಾಲುವೆ ಕೆಳಗಿನ ಭತ್ತ, ಕಬ್ಬು. ಹಂಪಿ ಸುತ್ತ ಬಾಳೆ ತೋಟ, ಕಾದ ಬಂಡೆಗಳ ನಡುವೆ ದಿನವಿಡೀ ಪ್ರವಾಸಿಗರನ್ನು ತಿರುಗಿಸುವ ಗೈಡುಗಳು. ನಾಟಿಗೆ ಬಗ್ಗಿದ ಹೆಂಗಸರು ಮರೆಯಲ್ಲಿ ಕೂರಲು ಜಾಗವಿಲ್ಲವೆಂದು ನೀರನ್ನೇ ಕಡಿಮೆ ಕುಡಿಯುತ್ತಾರೆ. ಸಂಜೆ ಸೊಂಟನೋವಿಗೆ ಅಂಗಡಿಯಿಂದ ನೋವಿನ ಗುಳಿಗೆ ಬರುತ್ತದೆ, ಚೀಟಿ ಬೇಕಿಲ್ಲ. ಮೈಯಲ್ಲಿ ನೀರು ಕಡಿಮೆ ಇರುವಾಗ ಡೈಕ್ಲೊಫಿನ್ಯಾಕ್‌ನಂಥ ಗುಳಿಗೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಕುಗ್ಗಿಸುತ್ತದೆ. ಇನ್ನು ಭತ್ತದ ಗದ್ದೆಯ ಕೊಳಕುಮಂಡಲ: ಅದು ಕಚ್ಚಿದವರಲ್ಲಿ ಹಲವರಿಗೆ ಕಿಡ್ನಿ ದಿಢೀರನೆ ನಿಂತುಹೋಗುತ್ತದೆ. ಬದುಕಿ ಮನೆಗೆ ಬಂದವರಲ್ಲೂ ಕೆಲವರಿಗೆ ವರ್ಷಗಳ ಮೇಲೆ ದೀರ್ಘಕಾಲದ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಬಳ್ಳಾರಿ ಸೀಮೆಯ ಅಂತರ್ಜಲದ ಫ್ಲೋರೈಡ್ ಬೇರೆ. ದೇಹ ಸೇರಿದ ಫ್ಲೋರೈಡನ್ನು ಹೊರಹಾಕುವ ಮುಖ್ಯ ಅಂಗವೇ ಮೂತ್ರಪಿಂಡವಾದ್ದರಿಂದ, ಅದು ಸೋತವರ ಮೈಯಲ್ಲಿ ಫ್ಲೋರೈಡ್ ಇನ್ನಷ್ಟು ಉಳಿಯುತ್ತದೆ. ಇವೆಲ್ಲದರ ಮೇಲೆ ಎಲ್ಲ ಊರಿಗೂ ಇರುವ ಸಕ್ಕರೆ ಕಾಯಿಲೆ, ಬಿಪಿ.

ಇಷ್ಟು ಕಾರಣಗಳಲ್ಲಿ ಯಾವುದರ ಪಾಲು ಎಷ್ಟು? ಒಂದು ತಾಲ್ಲೂಕಿನ ಹಣ, ವೈದ್ಯರು, ಯಂತ್ರಗಳು ಎಲ್ಲಿಗೆ ಹೋಗಬೇಕು ಎಂಬುದು ಈ ಪ್ರಶ್ನೆಯ ಉತ್ತರದ ಮೇಲೆ ನಿಂತಿದೆ. ಸಕ್ಕರೆ ಕಾಯಿಲೆಯೇ ಮುಖ್ಯವಾದರೆ ಹಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ಬಿಸಿಲಿನ ದುಡಿಮೆ ಮುಖ್ಯವಾದರೆ ಗಣಿಗೆ, ಗದ್ದೆಗೆ, ಕುಲುಮೆಗೆ ನೆರಳು ಮತ್ತು ನೀರು ಹೋಗಬೇಕು.

ದೇಶದ ಎಣಿಕೆಗಳು ಏನು ಹೇಳುತ್ತವೆ? ಭಾರತೀಯ ನೆಫ್ರಾಲಜಿ ಸಂಘ 2005ರಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆಯ ರಿಜಿಸ್ಟ್ರಿ ಶುರು ಮಾಡಿತು. 2012ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ 52,273 ರೋಗಿಗಳಿದ್ದಾರೆ. ಶೇ 31ರಷ್ಟು ಮಂದಿಗೆ ಕಾರಣ ಸಕ್ಕರೆ ಕಾಯಿಲೆ. ಆಮೇಲಿನ ಗುಂಪು ನನ್ನನ್ನು ಹೆಚ್ಚು ಕಾಡಿದ್ದು: ಶೇ 16ರಷ್ಟು ಮಂದಿಗೆ ‘ಕಾರಣ ತಿಳಿಯದು’. ಆರರಲ್ಲಿ ಒಬ್ಬ. ಅದೂ ನೆಫ್ರಾಲಜಿಸ್ಟರ ಬಳಿಗೆ ಹೋಗಿ ಮುಟ್ಟಿದವರಲ್ಲಿ. ಮುಟ್ಟದವರ ಲೆಕ್ಕ ಹಿಡಿಯಲು ಬೇರೆ ದಾರಿ ಹಿಡಿದದ್ದು ‘ಮಿಲಿಯನ್ ಡೆತ್ ಸ್ಟಡಿ’. ಭಾರತದ ರಿಜಿಸ್ಟ್ರಾರ್ ಜನರಲ್ ಕಚೇರಿಯ ಸಿಬ್ಬಂದಿ ಸತ್ತವರ ಮನೆಗೆ ಹೋಗಿ, ಮನೆಯವರ ಮಾತು ಕೇಳಿ ಬರೆದುಕೊಂಡರು. ವೈದ್ಯರು ಅದನ್ನು ಓದಿ ಸಾವಿನ ಕಾರಣ ಗುರುತಿಸಿದರು. 2001–03ಕ್ಕೆ ಹೋಲಿಸಿದರೆ 2010–13ರ ಹೊತ್ತಿಗೆ 15ರಿಂದ 69 ವಯಸ್ಸಿನವರ ಸಾವುಗಳಲ್ಲಿ ಕಿಡ್ನಿ ವೈಫಲ್ಯದ ಪಾಲು ಅರ್ಧದಷ್ಟು ಏರಿತ್ತು ಎಂದು 2017ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿತು. ದುಡಿಯುವ ವಯಸ್ಸಿನವರ ಸಾವು ಇದು. ಮನೆಯ ಜಗಲಿಯ ಮೇಲೆ ಕೂತು ಕೇಳಿದ ಮಾತಿನಿಂದ ಇಷ್ಟು ಗಟ್ಟಿ ಸತ್ಯ ಹೊರಬಂದದ್ದನ್ನು ನೆನೆದಾಗ, ಎಣಿಸಲು ನಮಗೆ ಕೊರತೆಯಾಗಿರುವುದು ಉಪಕರಣ ಎಂಬ ಮಾತನ್ನು ನಾನು ಒಪ್ಪಲಾರೆ.

ಕರ್ನಾಟಕದ್ದೇ ಒಂದು ಅಧ್ಯಯನದ ಎದುರು ಸ್ವಲ್ಪ ಹೊತ್ತು ನಿಲ್ಲಬೇಕು. ಶಿವಮೊಗ್ಗ ಕಡೆಯ ಹಳ್ಳಿಗಳಲ್ಲಿ ನೆಫ್ರಾಲಜಿಸ್ಟ್ ಡಾ. ವೈ.ಜೆ. ಅನುಪಮಾ ಮತ್ತವರ ಸಹೋದ್ಯೋಗಿ ‘ಕಿಡ್ಸ್’ ಎಂಬ ಯೋಜನೆಯಡಿ ಎರಡು ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತ, ಮೂತ್ರ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಸೂತ್ರದಲ್ಲಿ ಲೆಕ್ಕ ಹಾಕಿದರೆ ಶೇ 6.3ರಷ್ಟು ಜನಕ್ಕೆ ಕಾಯಿಲೆ. ಅದೇ ಜನ, ಅದೇ ರಕ್ತ. ಇನ್ನೊಂದು ಸೂತ್ರ ಹಿಡಿದರೆ ಶೇ 16ಕ್ಕೂ ಮೇಲೆ. ಎರಡನ್ನೂ ಮುಚ್ಚಿಡದೆ ಒಟ್ಟಿಗೆ ಬರೆದದ್ದೇ ಆ ಅಧ್ಯಯನದ ದೊಡ್ಡತನ. ಸೂತ್ರಗಳೆಲ್ಲ ಬಹುಮಟ್ಟಿಗೆ ಹೊರದೇಶದವರ ಮೈಕಟ್ಟಿನ ಮೇಲೆ ಹೊಸೆದವು. ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಮಾಂಸ ಕಡಿಮೆ ತಿನ್ನುವ, ಸ್ನಾಯು ಕಡಿಮೆ ಇರುವ ನಮ್ಮವರ ರಕ್ತದಲ್ಲಿ ಅದು ಮೊದಲೇ ಕಡಿಮೆ. ಹಾಗಾಗಿ ಸೂತ್ರ ನಮ್ಮ ಕಿಡ್ನಿಯ ಶಕ್ತಿಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ ಎಂದು ಚಂಡೀಗಢದ ಪಿಜಿಐ ಸಂಶೋಧಕರು ಅಳೆದು ತೋರಿಸಿದ್ದಾರೆ. ಬರೀ ಶೇಕಡಾ ಲೆಕ್ಕದ ಪ್ರಶ್ನೆಯಲ್ಲ ಇದು, ಸಂಡೂರಿನ ಒಬ್ಬ ಕೂಲಿಯಾಳಿಗೆ ಗುಳಿಗೆಯ ಪ್ರಮಾಣ ನಿಗದಿ ಮಾಡುವ ಪ್ರಶ್ನೆ.

ಸರ್ಕಾರದ ದೊಡ್ಡ ಸಮೀಕ್ಷೆಗಳಿಂದ ನೆರವಾಗಬಹುದಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಬಿಪಿ ಅಳೆಯುತ್ತದೆ, ಬೆರಳು ಚುಚ್ಚಿ ಸಕ್ಕರೆ ನೋಡುತ್ತದೆ, ಸಂಶೋಧಕರು ಕೇಳಿದರೆ ಹೆಸರು ತೆಗೆದ ಮೂಲ ದತ್ತಾಂಶವನ್ನೂ ಕೊಡುತ್ತದೆ. ಕ್ರಿಯಾಟಿನಿನ್ ಮಾತ್ರ ಅಳೆಯುವುದಿಲ್ಲ. 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಕ್ರಿಯಾಟಿನಿನ್ ಅಳೆಯಿತು, ಆದರೆ 5ರಿಂದ 19 ವಯಸ್ಸಿನವರದು. ಅಂಕಿ ರಾಜ್ಯದ ಮಟ್ಟಕ್ಕೆ ನಿಲ್ಲುತ್ತದೆ. ಜಿಲ್ಲೆಯ ಮಟ್ಟಕ್ಕೆ ಇಳಿದರೆ ಇನ್ನೊಂದು ತೊಡಕು. 2021ರಲ್ಲಿ ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ, ಹಂಪಿ ಅತ್ತ ಹೋದವು. ಸಂಡೂರು, ಕಂಪ್ಲಿ ಇತ್ತ ಉಳಿದವು. ಹಳೆಯ ಅಂಕಿಗಳೆಲ್ಲ ‘ಬಳ್ಳಾರಿ’ ಹೆಸರಿನಲ್ಲಿವೆ. ರೋಗಿಗೆ ಈ ಗಡಿ ಲೆಕ್ಕಕ್ಕಿಲ್ಲ. ಕಂಪ್ಲಿಯವರು ಹೊಸಪೇಟೆಗೆ ಬರುತ್ತಾರೆ, ಹೊಸಪೇಟೆಯವರು ಬಳ್ಳಾರಿಗೋ ಬೆಂಗಳೂರಿಗೋ ಹೋಗುತ್ತಾರೆ, ಸಂಡೂರಿನವರು ಬಸ್ಸು ಸಿಕ್ಕ ಕಡೆಗೆ. ಇಂಥಲ್ಲಿ ಜಿಲ್ಲೆಯ ಹೆಸರಿಗಿಂತ ತಾಲ್ಲೂಕಿನ, ಹಳ್ಳಿಯ ಸಂಕೇತ ಸಂಖ್ಯೆ ಮುಖ್ಯ.

‘ಕಾರಣ ತಿಳಿಯದ’ ಕಾಯಿಲೆ ಎಂದಾಗ ನಮ್ಮ ಪಕ್ಕದ ಆಂಧ್ರದ ಉದ್ದಾನಂ ನೆನಪಾಗದೆ ಇರದು. ಶ್ರೀಕಾಕುಳಂ ಜಿಲ್ಲೆಯ ತೆಂಗು, ಗೋಡಂಬಿಯ ಹಸಿರು ಸೀಮೆ ಅದು. ಅಲ್ಲಿ ನಡೆದ ಸಮೀಕ್ಷೆಗಳಲ್ಲಿ ವಯಸ್ಕರ ಪೈಕಿ ಸುಮಾರು ಐವರಲ್ಲಿ ಒಬ್ಬರಿಗೆ ಕಿಡ್ನಿ ಕಾಯಿಲೆ, ಅವರಲ್ಲಿ ಬಹುಪಾಲು ಮಂದಿಗೆ ಸಕ್ಕರೆಯೂ ಇರಲಿಲ್ಲ, ಬಿಪಿಯೂ ಇರಲಿಲ್ಲ. ನೀರು, ಮಣ್ಣು, ಕೀಟನಾಶಕ, ಬಿಸಿಲು ಹೀಗೆ ಒಂದೊಂದನ್ನೂ ಶಂಕಿಸಲಾಗಿದೆ. ಅಪರಾಧಿ ಇನ್ನೂ ಸಿಕ್ಕಿಲ್ಲ. 2023ರ ಡಿಸೆಂಬರ್‌ನಲ್ಲಿ ಪಲಾಸದಲ್ಲಿ ಕಿಡ್ನಿ ಸಂಶೋಧನಾ ಕೇಂದ್ರ ಮತ್ತು ಆಸ್ಪತ್ರೆ ತೆರೆಯಿತು. ಅಷ್ಟಕ್ಕೆ ಬರಲು ಸ್ಥಳೀಯ ವೈದ್ಯರು ಅದಾಗಲೇ ಎಷ್ಟೋ ವರ್ಷ ಕೂಗಿ ಹೇಳಿದ್ದರು. ಶ್ರೀಲಂಕಾದ ಉತ್ತರ ಮಧ್ಯ ಪ್ರಾಂತ್ಯದ ಭತ್ತದ ರೈತರದೂ, ಎಲ್ ಸಾಲ್ವಡಾರ್ ಮತ್ತು ನಿಕರಾಗುವಾದ ಕಬ್ಬು ಕಡಿಯುವವರದೂ ಹೆಚ್ಚುಕಡಿಮೆ ಇದೇ ಕಥೆ.

ನಿಕರಾಗುವಾದ ಕಬ್ಬಿನ ಗದ್ದೆಗಳಿಂದ ಕಂಪ್ಲಿ ಕಲಿಯಬಹುದಾದದ್ದು ಬಹಳ ಇದೆ. ಸಂಶೋಧಕರು ಅಲ್ಲಿ ಮಾಡಿದ ಕೆಲಸ ಸರಳ: ಕಬ್ಬು ಕಡಿಯುವ ಹಂಗಾಮು ಶುರುವಾಗುವ ಮೊದಲು ಕೂಲಿಯವರ ಕ್ರಿಯಾಟಿನಿನ್ ನೋಡಿದರು, ಹಂಗಾಮು ಮುಗಿದಾಗ ಮತ್ತೆ ನೋಡಿದರು. ಅತಿ ಬಿಸಿಲಿನಲ್ಲಿ ಅತಿ ಕಷ್ಟದ ಕೆಲಸ ಮಾಡಿದವರ ಕಿಡ್ನಿ ಅಷ್ಟರಲ್ಲೇ ಪೆಟ್ಟು ತಿಂದಿತ್ತು. ನೀರು, ವಿಶ್ರಾಂತಿ, ನೆರಳು ಮೂರನ್ನೂ ಹೊತ್ತು ಗೊತ್ತುಮಾಡಿ ಕೊಟ್ಟ ಮೇಲೆ ಪೆಟ್ಟು ತಗ್ಗಿತು. ತಮಿಳುನಾಡಿನ ಉಪ್ಪಿನ ಗದ್ದೆಗಳಲ್ಲಿ ದುಡಿಯುವವರ ಬಗ್ಗೆ ಚೆನ್ನೈನ ಶ್ರೀರಾಮಚಂದ್ರ ಸಂಸ್ಥೆಯ ವಿದ್ಯಾ ವೇಣುಗೋಪಾಲ್ ಮತ್ತವರ ತಂಡ ನಡೆಸಿದ ಅಧ್ಯಯನವೂ ಬಿಸಿಲಿನ ದುಡಿಮೆಗೂ ಕಿಡ್ನಿಯ ಕುಸಿತಕ್ಕೂ ನಂಟು ತೋರಿಸಿತು. ಅದಕ್ಕೂ ಮೊದಲು ಅವರು ಉಕ್ಕಿನ ಕಾರ್ಖಾನೆಯ ಕುಲುಮೆ ಬಳಿಯ ಕಾರ್ಮಿಕರಲ್ಲಿ ಕಿಡ್ನಿ ಕಲ್ಲಿನ ಬಗ್ಗೆ ಬರೆದಿದ್ದರು. ಹಂಗಾಮಿನ ಮುಂಚೆ ಒಂದು ತೊಟ್ಟು, ಆಮೇಲೆ ಒಂದು ತೊಟ್ಟು ರಕ್ತ. ತೋರಣಗಲ್ಲಿನಲ್ಲೂ ಕಂಪ್ಲಿಯಲ್ಲೂ ಇದನ್ನು ಮಾಡಲು ಯಾವ ಮಹಾ ಯಂತ್ರವೂ ಬೇಕಿಲ್ಲ.

ಇನ್ನು ಜಗತ್ತಿನ ತೆರೆದ ದತ್ತಾಂಶ. ಇದರ ಸಿರಿ ನೋಡಿದರೆ ಬೆರಗಾಗುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ನೆರವಿನಿಂದ 2017ರಲ್ಲಿ ಶುರುವಾದ ‘ಕಿಡ್ನಿ ಪ್ರಿಸಿಷನ್ ಮೆಡಿಸಿನ್ ಪ್ರಾಜೆಕ್ಟ್’ ಸಂಶೋಧನೆಗೆಂದೇ ತಮ್ಮ ಕಿಡ್ನಿಯ ಚೂರು ಕೊಡಲು ಒಪ್ಪಿದ ರೋಗಿಗಳಿಂದ ಬಯಾಪ್ಸಿ ಪಡೆದು, ಒಂದೊಂದು ಜೀವಕೋಶದಲ್ಲಿ ಯಾವ ಜೀನ್ ಎಚ್ಚರವಾಗಿದೆ, ಯಾವುದು ಮಲಗಿದೆ ಎಂಬುದನ್ನು ನಕ್ಷೆ ಮಾಡಿಟ್ಟಿದೆ. 2023ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅದರ ಅಟ್ಲಾಸ್ ಆರೋಗ್ಯದ ಮತ್ತು ಗಾಯಗೊಂಡ ಕಿಡ್ನಿಯ ಕೋಶಗಳನ್ನು ಪಕ್ಕಪಕ್ಕದಲ್ಲಿ ತೋರಿಸುತ್ತದೆ. ಹಂಪಿಯ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಕೂತ ವಿದ್ಯಾರ್ಥಿಯೂ ಅದನ್ನು ತೆರೆದು ನೋಡಬಹುದು, ದುಡ್ಡಿಲ್ಲ. ‘ಸಿಕೆಡಿಜೆನ್’ ಎಂಬ ಅಂತರರಾಷ್ಟ್ರೀಯ ಕೂಟ 2019ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರ ಜೀನೋಮ್ ದತ್ತಾಂಶ ಜೋಡಿಸಿ ಕಿಡ್ನಿಯ ಕಾರ್ಯಕ್ಕೆ ನಂಟಿರುವ 264 ತಾಣಗಳನ್ನು ಗುರುತಿಸಿತು. ಸಾರಾಂಶದ ಅಂಕಿಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಆದರೆ ಅದರಲ್ಲಿ ಬಹುಪಾಲು ಯುರೋಪ್ ಮೂಲದವರು. ಇದರಿಂದ ಏನು ತಪ್ಪಿಹೋಗಬಹುದು ಎಂಬುದಕ್ಕೆ ಸಾಕ್ಷಿ ಇದೆ: ಆಫ್ರಿಕಾ ಮೂಲದವರಲ್ಲಿ ಕಿಡ್ನಿ ಕಾಯಿಲೆಯ ಅಪಾಯ ಬಹಳಷ್ಟು ಏರಿಸುವ ಎಪಿಒಎಲ್1 ಜೀನಿನ ರೂಪಗಳು 2010ರಲ್ಲಿ ಪತ್ತೆಯಾದದ್ದು ಆ ಜನರನ್ನೇ ಅಧ್ಯಯನ ಮಾಡಿದ್ದರಿಂದ. ಯುರೋಪಿನವರ ರಕ್ತದಲ್ಲಿ ಎಷ್ಟು ಹುಡುಕಿದ್ದರೂ ಅವು ಸಿಗುತ್ತಿರಲಿಲ್ಲ.

ಅಮೆರಿಕದ ಇನ್ನೊಂದು ಸಂಗ್ರಹ ನಮಗೆ ಇದಕ್ಕಿಂತ ಹತ್ತಿರದ ಪಾಠ. 1972ರ ಕಾನೂನಿನಿಂದ ಅಮೆರಿಕದ ಸರ್ಕಾರ ಡಯಾಲಿಸಿಸ್‌ನ ಖರ್ಚು ಹೊರಲು ಒಪ್ಪಿತು. ಹಣ ಕೊಟ್ಟ ಮೇಲೆ ಯಾರಿಗೆ, ಎಷ್ಟು ಸಲ, ಏನಾಯಿತು ಎಂಬ ಲೆಕ್ಕ ಬಂತು. ಆ ಲೆಕ್ಕವೇ ‘ಯುಎಸ್‌ಆರ್‌ಡಿಎಸ್’ ಎಂಬ ದತ್ತಾಂಶ ವ್ಯವಸ್ಥೆಯಾಗಿ 1989ರಿಂದ ವರ್ಷ ವರ್ಷವೂ ವರದಿ ಕೊಡುತ್ತಿದೆ. ನಮ್ಮಲ್ಲೂ 2016ರಿಂದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮವಿದೆ, 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಇದೆ. ಸಾರ್ವಜನಿಕರ ಹಣ ಹೋಗುವ ಕಡೆ ಸಾರ್ವಜನಿಕರಿಗೆ ಲೆಕ್ಕ ಬರಬೇಕು. ಬಿಲ್ಲಿನ ಲೆಕ್ಕ ಮಾತ್ರ ಸಾಲದು. ಆ ಮನುಷ್ಯ ಒಂದು ವರ್ಷದ ಮೇಲೆ ಬದುಕಿದ್ದಾನೆಯೇ, ಕೆಲಸಕ್ಕೆ ಹೋಗುತ್ತಿದ್ದಾನೆಯೇ ಎಂಬ ಲೆಕ್ಕ.

ಭಾರತದ ಕಿಡ್ನಿ ರೋಗಿಗಳ ದತ್ತಾಂಶ ಜಗತ್ತಿಗೆ ತೆರೆದುಕೊಂಡಿರುವ ಒಂದು ಪ್ರಸಿದ್ಧ ಉದಾಹರಣೆ ಇದೆ. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕೇಂದ್ರದ ಯಂತ್ರಕಲಿಕೆ ಭಂಡಾರಕ್ಕೆ ಸೇರಿದ ಕಡತ: ತಮಿಳುನಾಡಿನ ಕಾರೈಕುಡಿಯ ಆಸ್ಪತ್ರೆಯೊಂದರಲ್ಲಿ ಸುಮಾರು ಎರಡು ತಿಂಗಳಲ್ಲಿ ಸಂಗ್ರಹಿಸಿದ 400 ಜನರ ವಿವರ. 250 ಮಂದಿಗೆ ಕಾಯಿಲೆ ಇದೆ, 150 ಮಂದಿಗೆ ಇಲ್ಲ. ವಯಸ್ಸು, ಬಿಪಿ, ಹಿಮೋಗ್ಲೋಬಿನ್, ಮೂತ್ರದ ಸಾಂದ್ರತೆ, ಹಸಿವು ಚೆನ್ನಾಗಿದೆಯೇ, ಕಾಲು ಬಾತಿದೆಯೇ ಎಂದು 24 ಕಂಬಸಾಲುಗಳು. ಅಳಗಪ್ಪ ವಿಶ್ವವಿದ್ಯಾಲಯದವರೂ ಅಲ್ಲಿನ ವೈದ್ಯರೂ ಸೇರಿ ಕೊಟ್ಟದ್ದು. ಕೊಟ್ಟವರಿಗೆ ಕೃತಜ್ಞತೆ ಸಲ್ಲಲೇಬೇಕು; ಆ ಕಾಲಕ್ಕೆ ಹಾಗೆ ತೆರೆದಿಡುವ ಮನಸ್ಸು ಮಾಡಿದವರು ವಿರಳ. ಆಮೇಲಿನದು ಬಳಸಿದವರ ಹೊಣೆ. ಜಗತ್ತಿನ ಎಲ್ಲೆಲ್ಲೋ ಆ 400 ಸಾಲುಗಳ ಮೇಲೆ ಪ್ರಬಂಧಗಳು ಬಂದವು, ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳೂ ಅದರ ಮೇಲೇ. ಶೇ 99ರಷ್ಟು ನಿಖರವಾಗಿ ಕಾಯಿಲೆ ಗುರುತಿಸಿದೆವು ಎಂಬ ತೀರ್ಮಾನಗಳು ಬಂದವು.

ಆ ಕಡತವನ್ನು ತೆರೆದು ಕಣ್ಣಾರೆ ನೋಡಿದರೆ ವಿಷಯ ಬಯಲಾಗುತ್ತದೆ. ಒಂದೂ ಮನೆ ಖಾಲಿ ಇಲ್ಲದ ಸಾಲುಗಳು 158 ಮಾತ್ರ. ಕಂಬಸಾಲುಗಳಲ್ಲಿ ಕ್ರಿಯಾಟಿನಿನ್ ತಾನೇ ಇದೆ. ಯಾವುದರಿಂದ ವೈದ್ಯರು ಕಾಯಿಲೆ ನಿರ್ಧರಿಸುತ್ತಾರೋ ಅದನ್ನೇ ಯಂತ್ರಕ್ಕೆ ಕೊಟ್ಟು ಕಾಯಿಲೆ ಇದೆಯೇ ಎಂದು ಕೇಳಿದಂತಾಯಿತು. ರೋಗಿಗಳೆಂದು ಬರೆದವರಲ್ಲಿ ಹಲವರು ಕಾಯಿಲೆ ಬಲಿತವರು, ಆರೋಗ್ಯವಂತರೆಂದು ಬರೆದವರ ಎಲ್ಲ ಅಂಕಿಗಳೂ ಅಚ್ಚುಕಟ್ಟು. ನಡುವಿನವರೇ ಇಲ್ಲ. ಹಿಮೋಗ್ಲೋಬಿನ್ ಮತ್ತು ಮೂತ್ರದ ಸಾಂದ್ರತೆ ಎರಡನ್ನೇ ನೋಡಿದರೂ ಎರಡು ಗುಂಪು ಹೆಚ್ಚುಕಡಿಮೆ ಬೇರ್ಪಡುತ್ತವೆ. ನಮಗೆ ಬೇಕಾದವರು ಆ ನಡುವಿನವರು: 1.3ರ ಚೀಟಿ ಹಿಡಿದು ಮನೆಗೆ ಹೋದವರು. ಅವರಿಲ್ಲದ ದತ್ತಾಂಶದ ಮೇಲೆ ಕಟ್ಟಿದ ಯಾವ ಯಂತ್ರವೂ ಕಂಪ್ಲಿಯ ಆರೋಗ್ಯ ಕೇಂದ್ರಕ್ಕೆ ಉಪಯೋಗಕ್ಕೆ ಬರದು. ದತ್ತಾಂಶ ತೆರೆದಿರುವುದು ಅರ್ಧ ಕೆಲಸ. ಯಾರನ್ನು ಹೇಗೆ ಆರಿಸಿ ಅಳೆದರು, ಯಾವ ಲ್ಯಾಬಿನ ಯಾವ ವಿಧಾನದಲ್ಲಿ ಅಳೆದರು ಎಂದು ಬರೆದಿಡುವುದು ಉಳಿದರ್ಧ.

ಜೀನೋಮ್ ವಿಷಯದಲ್ಲಿ ನಮ್ಮ ದೇಶ ಒಂದು ಹೆಜ್ಜೆ ಮುಂದೆ ಇಟ್ಟಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದ ಮುಂದಾಳುತನದಲ್ಲಿ ನಡೆದ ‘ಜೀನೋಮ್ ಇಂಡಿಯಾ’ ಯೋಜನೆ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿ, 2025ರ ಜನವರಿ 9ರಂದು ದತ್ತಾಂಶ ಬಿಡುಗಡೆ ಮಾಡಿತು. ಅದಿರುವುದು ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ. ಅರ್ಜಿ ಹಾಕಿ, ಉದ್ದೇಶ ಹೇಳಿ, ನಿಯಮಕ್ಕೆ ಒಪ್ಪಿ ಪಡೆಯಬೇಕು. ಪೂರಾ ಬಾಗಿಲು ತೆರೆದದ್ದಲ್ಲ, ಮುಚ್ಚಿದ್ದೂ ಅಲ್ಲ. ಕಿಡ್ನಿಯ ಕ್ಲಿನಿಕಲ್ ದತ್ತಾಂಶಕ್ಕೂ ಈ ಮಾದರಿಯೇ ಸರಿ ಎಂದು ನನ್ನ ನಂಬಿಕೆ.

ಕ್ಲಿನಿಕಲ್ ದತ್ತಾಂಶ ಎಂದರೆ ಏನು ಎಂಬುದನ್ನು ಡಯಾಲಿಸಿಸ್ ವಾರ್ಡಿನಲ್ಲಿ ನಿಂತು ನೋಡಬೇಕು. ರೋಗಿ ಒಳಬಂದ ಕೂಡಲೇ ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾರೆ. ಟೆಕ್ನಿಷಿಯನ್ ನೀಲಿ ಪೆನ್ನಿನಲ್ಲಿ ಬರೆಯುತ್ತಾನೆ: ಬಂದಾಗಿನ ತೂಕ, ಇರಬೇಕಾದ ತೂಕ, ತೆಗೆಯಬೇಕಾದ ನೀರು. ಮುಂಗೈಯ ಫಿಸ್ಟುಲಾದ ಮೇಲೆ ಬೆರಳಿಟ್ಟು ನೋಡುತ್ತಾನೆ. ಅಪಧಮನಿಗೂ ಅಭಿಧಮನಿಗೂ ಶಸ್ತ್ರಚಿಕಿತ್ಸೆಯಲ್ಲಿ ಜೋಡಣೆ ಮಾಡಿದ ಜಾಗ ಅದು. ರಕ್ತ ರಭಸವಾಗಿ ಹರಿಯುವ ಜುಮ್ಮೆನ್ನುವ ಕಂಪನ ಬೆರಳಿಗೆ ಸಿಕ್ಕರೆ ಸರಿ, ಸಿಗದಿದ್ದರೆ ಅಂದಿನ ಡಯಾಲಿಸಿಸ್ಸೇ ಕಷ್ಟ. ನಾಲ್ಕು ಗಂಟೆಯ ಉದ್ದಕ್ಕೂ ಗಂಟೆಗೊಮ್ಮೆ ಬಿಪಿ, ಯಂತ್ರದ ಒತ್ತಡ, ಹೆಪಾರಿನ್ ಎಷ್ಟು, ನಡುವೆ ಚಳಿ ಬಂತೇ, ಕಾಲು ಸೆಟೆಯಿತೇ. ಹೋಗುವಾಗಿನ ತೂಕ. ವಾರಕ್ಕೆ ಎರಡು ಮೂರು ಸಲ, ಒಬ್ಬೊಬ್ಬ ರೋಗಿಗೂ. ಸಂಶೋಧಕರು ಹಣ ಸುರಿದರೂ ಇಷ್ಟು ದಟ್ಟ ದತ್ತಾಂಶ ಸಿಗುವುದು ಸುಲಭವಲ್ಲ. ಪುಟ ತುಂಬಿದ ರಿಜಿಸ್ಟರು ಬೀರು ಸೇರುತ್ತದೆ. ಆ ಹುಡುಗನ ಕೈಬರಹವನ್ನು ಯಾರೂ ಮತ್ತೆ ಓದುವುದಿಲ್ಲ.

ತುಂಗಭದ್ರಾ ಜಲಾಶಯದ ಲೆಕ್ಕ ನೋಡಿ. ಗರಿಷ್ಠ ಮಟ್ಟ 1633 ಅಡಿ, ಸಾಮರ್ಥ್ಯ 105.788 ಟಿಎಂಸಿ, ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂಬುದು ಮಳೆಗಾಲದಲ್ಲಿ ದಿನವೂ ಪತ್ರಿಕೆಯಲ್ಲಿ ಬರುತ್ತದೆ, ಕಂಪ್ಲಿಯ ರೈತ ಅದನ್ನು ನೋಡಿಯೇ ಸಸಿಮಡಿ ಹಾಕುವುದು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾದಾಗ ಇಡೀ ಸೀಮೆ ಆ ಅಂಕಿಗಳನ್ನು ಗಂಟೆಗೊಮ್ಮೆ ಓದಿತು. ಎಲ್ಲರ ಅಂಕಿ ಎಲ್ಲರಿಗೂ ತಿಳಿಯಬೇಕೆಂಬುದು ಇಲ್ಲಿನ ಜನಕ್ಕೆ ಹೊಸದಾಗಿ ಹೇಳಿಕೊಡಬೇಕಾದ ಮಾತಲ್ಲ. ನೀರಿನ ಗುಣಮಟ್ಟ, ಅಂತರ್ಜಲದ ಮಟ್ಟದ ಅಂಕಿಗಳನ್ನೂ ಕೇಂದ್ರ ಅಂತರ್ಜಲ ಮಂಡಳಿ ಬಹಿರಂಗಪಡಿಸುತ್ತದೆ. ಬಿಸಿಲಿನ ಅಂಕಿ ಹವಾಮಾನ ಇಲಾಖೆಯಲ್ಲಿದೆ. ಅವುಗಳ ಪಕ್ಕ ಇಟ್ಟು ನೋಡಬೇಕಾದ ಕಿಡ್ನಿಯ ಅಂಕಿ ಬೀರುವಿನಲ್ಲಿದೆ.

ಹಾಗೆಂದು ಬೀರುವನ್ನು ಬೀದಿಗೆ ತಂದು ಸುರಿಯುವ ಹಾಗಿಲ್ಲ. ‘ಹೆಣ್ಣು, 34 ವರ್ಷ, ಕಂಪ್ಲಿ, ಡಯಾಲಿಸಿಸ್’ ಎಂದಷ್ಟೇ ಬರೆದರೂ ಆ ಓಣಿಯವರಿಗೆ ಅದು ಯಾರೆಂದು ಗೊತ್ತಾಗುತ್ತದೆ. ಮದುವೆಯಾಗಬೇಕಾದ ಮಗಳಿರುವ ಮನೆಯಲ್ಲಿ ಕಿಡ್ನಿ ಕಾಯಿಲೆಯ ಸುದ್ದಿ ಏನು ಮಾಡುತ್ತದೆಂಬುದನ್ನು ನಾವು ಬಲ್ಲೆವು. ಇದಕ್ಕಿಂತ ಘೋರವಾದದ್ದು ಕಿಡ್ನಿ ದಲ್ಲಾಳಿಗಳ ಭಯ. 1994ರ ಅಂಗಾಂಗ ಕಸಿ ಕಾಯ್ದೆ ಹುಟ್ಟಿದ್ದೇ ಆ ವ್ಯಾಪಾರ ನಿಲ್ಲಿಸಲು. ಯಾರಿಗೆ ಕಿಡ್ನಿ ಬೇಕು, ಅವರ ಫೋನ್ ನಂಬರ್ ಏನು ಎಂಬ ಪಟ್ಟಿ ಸೋರಿದರೆ ಅದಕ್ಕೆ ಬೆಲೆ ಕಟ್ಟುವವರು ಇದ್ದಾರೆ. ಆದ್ದರಿಂದ ಹೆಸರು, ಫೋನು, ಓಣಿ ತೆಗೆಯಬೇಕು. ವಯಸ್ಸನ್ನು ಐದು ವರ್ಷದ ಗುಂಪಾಗಿ ಬರೆಯಬೇಕು, ಸಂಖ್ಯೆ ತೀರ ಕಡಿಮೆಯಿರುವ ಹಳ್ಳಿಗಳನ್ನು ಹೋಬಳಿಗೆ ಸೇರಿಸಬೇಕು. ಒಟ್ಟು ಅಂಕಿಗಳು ಎಲ್ಲರಿಗೂ, ಒಬ್ಬೊಬ್ಬರ ಸಾಲು ಅರ್ಜಿ ಹಾಕಿ ಒಪ್ಪಿಗೆ ಪಡೆದ ಸಂಶೋಧಕರಿಗೆ ಮಾತ್ರ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಚೌಕಟ್ಟಿನೊಳಗೇ ಇದನ್ನು ಮಾಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಲು ಬಾರದವರಿಗೆ ಓದಿ ಹೇಳಬೇಕು. ಇದರಲ್ಲಿ ಯಾವ ರಿಯಾಯಿತಿಯೂ ಸಲ್ಲದು.

ಮುಚ್ಚಿಟ್ಟರೂ ಪ್ರಾಣ ಹೋಗುತ್ತದೆ ಎಂಬುದನ್ನು 2024ರ ನವೆಂಬರ್ ಕಲಿಸಿತು. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರಲ್ಲಿ ಕೆಲವರಿಗೆ ಕಿಡ್ನಿ ಕೈಕೊಟ್ಟಿತು, ಬೇರೆ ಅಂಗಗಳೂ ಸೋತವು, ಒಬ್ಬರ ಹಿಂದೆ ಒಬ್ಬರಂತೆ ತೀರಿಕೊಂಡರು. ಶಂಕೆ ಬಿದ್ದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಅದೇ ತಯಾರಿಕೆಯ ಕೆಲವು ಬ್ಯಾಚುಗಳು ಗುಣಮಟ್ಟದವಲ್ಲ ಎಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತು. ಕೇಂದ್ರದ ಪ್ರಯೋಗಾಲಯ ಕೆಲವನ್ನು ಸರಿಯಿದೆ ಎಂದಿತ್ತು. ಬ್ಯಾಚಿನ ಸಂಖ್ಯೆ, ಎರಡು ಪ್ರಯೋಗಾಲಯಗಳ ವರದಿ, ಬೇರೆ ಆಸ್ಪತ್ರೆಗಳಲ್ಲಿ ಅದನ್ನು ಪಡೆದವರ ಕ್ರಿಯಾಟಿನಿನ್ ಒಂದೇ ಕಡೆ ಕಾಣುವಂತಿದ್ದರೆ ವಾರ್ಡಿನ ವೈದ್ಯೆಗೆ ಬಾಟಲಿ ನೇತುಹಾಕುವ ಮೊದಲು ಅನುಮಾನವಾದರೂ ಬರುತ್ತಿತ್ತು.

ಮನಸ್ಸು ಮಾಡಿದರೆ ಎಣಿಸುವುದು ಈ ರಾಜ್ಯಕ್ಕೆ ಗೊತ್ತಿದೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಖಾಸಗಿ ಆಸ್ಪತ್ರೆಯೂ ಲೆಕ್ಕ ಕೊಡಬೇಕು. ಕಂಪ್ಲಿಯ ಗದ್ದೆಗಳಿಗೆ ಇದು ಬಹುದೊಡ್ಡ ಸಂಗತಿ. ಆ ವರದಿಯ ನಮೂನೆಗೇ ಇನ್ನೆರಡು ಅಂಕಿ ಸೇರಿಸಿದರೆ ಸಾಕು: ಬಿಡುಗಡೆಯ ದಿನದ ಕ್ರಿಯಾಟಿನಿನ್, ಮೂರು ತಿಂಗಳ ಮೇಲಿನ ಕ್ರಿಯಾಟಿನಿನ್. ಕೊಳಕುಮಂಡಲ ಕಚ್ಚಿ ಬದುಕಿದವರ ಕಿಡ್ನಿಗೆ ಆಮೇಲೆ ಏನಾಗುತ್ತದೆ ಎಂಬುದರ ಬಗ್ಗೆ ಜಗತ್ತಿನಲ್ಲೇ ಅಪರೂಪದ ದತ್ತಾಂಶ ಇಲ್ಲಿಂದ ಹೊರಡುತ್ತದೆ.

ಸಮೀಕ್ಷೆಗೂ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚೆನ್ನೈನ ನೆಫ್ರಾಲಜಿಸ್ಟ್ ಡಾ. ಎಂ.ಕೆ. ಮಣಿ ತಮ್ಮ ಕಿಡ್ನಿ ಹೆಲ್ಪ್ ಟ್ರಸ್ಟ್ ಮೂಲಕ ಆ ನಗರದ ಹತ್ತಿರದ ಹಳ್ಳಿಗಳಲ್ಲಿ, ಶಾಲೆ ಓದಿದ ಸ್ಥಳೀಯ ಹೆಣ್ಣುಮಕ್ಕಳಿಗೇ ತರಬೇತಿ ಕೊಟ್ಟು ಮನೆಮನೆಯ ಮೂತ್ರ ಪರೀಕ್ಷೆ, ಬಿಪಿ ತಪಾಸಣೆ ಮಾಡಿಸಿದರು. ಅಗ್ಗದ ಹಳೆಯ ಔಷಧಿಗಳಿಂದಲೇ ಸಕ್ಕರೆ, ಬಿಪಿ ಹತೋಟಿಗೆ ತಂದು, ಫಲಿತಾಂಶವನ್ನು 2003ರಲ್ಲಿ ಕಿಡ್ನಿ ತಜ್ಞರ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಜಗತ್ತಿನೆದುರು ಇಟ್ಟರು. ನಮ್ಮ ಆಶಾ ಕಾರ್ಯಕರ್ತೆಯರು ಅದಕ್ಕಿಂತ ಹೆಚ್ಚಿನ ಕೆಲಸವನ್ನು ಈಗಾಗಲೇ ಮಾಡುತ್ತಿದ್ದಾರೆ. ಹೊಸದಾಗಿ ಹೊರಿಸಿದ ಕೆಲಸಕ್ಕೆ ಹೊಸ ಗೌರವಧನ ಕೊಡಬೇಕು, ಅಷ್ಟೇ. ಗಣಿಗಾರಿಕೆಯಿಂದ ಬಾಧಿತವಾದ ಪ್ರದೇಶದ ಪುನಶ್ಚೇತನಕ್ಕೆಂದೇ ಸುಪ್ರೀಂ ಕೋರ್ಟಿನ ಉಸ್ತುವಾರಿಯಲ್ಲಿ ಹಣ ಕೂಡಿದೆ, ಅದಕ್ಕೊಂದು ನಿಗಮವೂ ಇದೆ. ಸಂಡೂರಿನ ಗುಡ್ಡದ ಗಾಯಕ್ಕೆ ಮೀಸಲಿಟ್ಟ ಹಣದಲ್ಲಿ ಆ ಗುಡ್ಡ ಅಗೆದವರ ಮೈಯ ಲೆಕ್ಕಕ್ಕೂ ಒಂದು ಪಾಲು ಸಲ್ಲಬೇಕು.

ನಮಗೆ ಬೇಕಾದ ಸಮೀಕ್ಷೆ ಇಷ್ಟೇ: ಈ ನಾಲ್ಕು ಊರಿನ ಸುತ್ತಲ ಹಳ್ಳಿಗಳಿಂದ ಚೀಟಿ ಎತ್ತಿ ಆರಿಸಿದ ಮನೆಗಳು. ವಯಸ್ಕರೆಲ್ಲರ ಬಿಪಿ, ಸಕ್ಕರೆ, ಮೂತ್ರದ ಆಲ್ಬುಮಿನ್, ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದಿಸಿದ ಒಂದೇ ಲ್ಯಾಬಿನಲ್ಲಿ ಕ್ರಿಯಾಟಿನಿನ್. ಅಂಕಿ ಕೆಟ್ಟವರಿಗೆ ಮೂರು ತಿಂಗಳ ಮೇಲೆ ಮತ್ತೊಮ್ಮೆ. ಜೊತೆಗೆ ನಾಲ್ಕು ಪ್ರಶ್ನೆ: ಏನು ಕೆಲಸ, ಬಿಸಿಲಿನಲ್ಲಿ ಎಷ್ಟು ಹೊತ್ತು, ಕುಡಿಯುವ ನೀರು ಎಲ್ಲಿಯದು, ನೋವಿನ ಗುಳಿಗೆ ವಾರಕ್ಕೆಷ್ಟು. ಬೇಸಿಗೆಯಲ್ಲಿ ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಒಮ್ಮೆ. ಪ್ರತಿಯೊಬ್ಬರ ಫಲಿತಾಂಶ ಅವರ ಕೈಗೇ, ಇಜಿಎಫ್‌ಆರ್, ಅಂದರೆ ಕಿಡ್ನಿ ನಿಮಿಷಕ್ಕೆ ಸೋಸುವ ಪ್ರಮಾಣ, ಲೆಕ್ಕ ಹಾಕಿ, ಯಾರನ್ನು ಕಾಣಬೇಕು ಎಂದು ಕನ್ನಡದಲ್ಲಿ ಬರೆದು. ಹಳ್ಳಿಯ ಒಟ್ಟು ಲೆಕ್ಕ ಗ್ರಾಮಸಭೆಗೆ. ಆಮೇಲೆ ಅದೇ ದತ್ತಾಂಶ, ಹೆಸರು ಕಳಚಿ, ಫರೀದಾಬಾದಿನ ದತ್ತಾಂಶ ಕೇಂದ್ರಕ್ಕೂ ಅಲ್ಲಿಂದ ಉದ್ದಾನಂ, ಶ್ರೀಲಂಕಾದ ಅನುರಾಧಪುರ, ನಿಕರಾಗುವಾದ ಸಂಶೋಧಕರಿಗೂ. ಈ ಕ್ರಮ ಅದಲುಬದಲಾಗಬಾರದು; ರಕ್ತ ಕೊಟ್ಟವರಿಗೆ ಮೊದಲು ತಿಳಿಯಬೇಕು.